ಕಾಕಾರ ಎಚ್‌ಡಿಎಲ್ ಅರವತ್ತೆರಡು

ರಕ್ತ ತೆಗೆಯುವ ಕೆಲಸದಲ್ಲಿ ನಗು ಎಲ್ಲಿಂದ ಬರುತ್ತದೆ ಎಂದು ನನ್ನ ತಂಗಿ ಆಗಾಗ ಕೇಳುತ್ತಾಳೆ. ಅವಳಿಗೇನು ಗೊತ್ತು. ಮನುಷ್ಯ ಸೂಜಿ ಕಂಡಾಗ ಹೇಳುವಷ್ಟು ಸುಳ್ಳನ್ನು ಕೋರ್ಟಿನಲ್ಲೂ ಹೇಳುವುದಿಲ್ಲ, ರಿಪೋರ್ಟ್ ಕೈಗೆ ಬಂದಾಗ ಮಾಡುವಷ್ಟು ವಾದವನ್ನು ಹೊಲದ ಬದುವಿನ ಮೇಲೂ ಮಾಡುವುದಿಲ್ಲ. ಇಂಥದ್ದು ಒಂದಾದರೂ ನಡೆಯದ ದಿನ ನನಗೆ ಲ್ಯಾಬ್ ತೆರೆದ ಹಾಗೇ ಅನಿಸುವುದಿಲ್ಲ.

ನನ್ನ ಲ್ಯಾಬ್ ಇರುವುದು ಮಹಾರಾಷ್ಟ್ರದ ಗಡಿಗೆ ಹತ್ತಿದ ಕಾಗವಾಡದಲ್ಲಿ, ಒಂದು ಗೊಬ್ಬರದ ಅಂಗಡಿಯ ಮೇಲಿನ ಅಂತಸ್ತಿನಲ್ಲಿ. ಕಟ್ಟಡ, ಅಂಗಡಿ, ಊರ ಹೊರಗಿನ ದ್ರಾಕ್ಷಿ ತೋಟ ಎಲ್ಲ ಒಬ್ಬರದೇ. ಅವರನ್ನು ಊರೆಲ್ಲ ಕಾಕಾ ಎನ್ನುತ್ತದೆ, ಅವರ ಹೆಂಡತಿಯನ್ನು ಕಾಕು ಎನ್ನುತ್ತದೆ. ನನ್ನನ್ನು ಎಲ್ಲರೂ ಅಕ್ಕಾರ ಎನ್ನುತ್ತಾರೆ, ಶಾಲೆಯಲ್ಲಿ ಕಲಿಸುವವರನ್ನು ಕರೆದ ಹಾಗೆ. ಕಲಿಸಲು ನಾನೂ ನೋಡಿದ್ದೇನೆ, ಕಲಿತವರು ಯಾರೂ ಇಲ್ಲ.

ಕಾಕಾ ಒಮ್ಮೆ ನನ್ನಲ್ಲಿ ರಕ್ತ ಕೊಟ್ಟರು. ಎಚ್‌ಡಿಎಲ್ ಅರವತ್ತೆರಡು ಬಂತು. ನಾನು ತಿಳಿಸಿ ಹೇಳಿದೆ: ಕೊಲೆಸ್ಟ್ರಾಲಿನಲ್ಲಿ ಇದೊಂದು ಒಳ್ಳೆಯದು, ರಕ್ತನಾಳದಲ್ಲಿ ಉಳಿದ ಕೊಬ್ಬನ್ನು ಬಳಿದು ಲಿವರಿಗೆ ಒಯ್ಯುತ್ತದೆ, ಗಂಡಸರಿಗೆ ನಲವತ್ತರ ಮೇಲಿದ್ದರೆ ಸರಿ, ಅರವತ್ತು ದಾಟಿದರೆ ಇನ್ನೂ ಚಲೋ. ಕಾಕಾ ಅಲ್ಲಿಗೇ ಕೇಳುವುದನ್ನು ನಿಲ್ಲಿಸಿದರು. ಅದೇ ಕಾಗದದಲ್ಲಿ ಕೆಟ್ಟ ಕೊಲೆಸ್ಟ್ರಾಲ್ ಏರಿತ್ತು, ಸಕ್ಕರೆ ಏರಿತ್ತು. ಕಾಕಾ ಕಾಗದವನ್ನು ಅರವತ್ತೆರಡರ ಸಾಲು ಮಾತ್ರ ಕಾಣುವ ಹಾಗೆ ಮಡಚಿ ಅಂಗಿಯ ಕಿಸೆಗೆ ಇಟ್ಟುಕೊಂಡರು.

ಅಂದಿನಿಂದ ಬೆಳಿಗ್ಗೆ ಅಂಗಡಿ ತೆರೆದು, ಮೆಟ್ಟಿಲು ಹತ್ತಿ ಬಂದು, ನನ್ನ ಲ್ಯಾಬಿನ ಬೆಂಚಿನ ಮೇಲೆ ಕೂತು ಬಂದವರಿಗೆಲ್ಲ ಉಪದೇಶ ಮಾಡುವುದು ಅವರ ಪರಿಪಾಠವಾಯಿತು. ಆದರೆ ಮೆಟ್ಟಿಲು ಹತ್ತುವಾಗ ಅರ್ಧಕ್ಕೆ ನಿಲ್ಲುತ್ತಿದ್ದರು. ನಿಂತು ಫೋನನ್ನು ಕಿವಿಗೆ ಹಿಡಿದು "ಹಾಂ, ಹೇಳ್ರಿ" ಎನ್ನುತ್ತಿದ್ದರು. ಆ ಕಡೆ ಯಾರೂ ಇರುತ್ತಿರಲಿಲ್ಲ. ಇನ್ನೊಂದು ಕೈ ಎದೆಯನ್ನು ತಿಕ್ಕುತ್ತಿರುತ್ತಿತ್ತು.

ಕಾಕುಗೆ ಇದು ನನಗಿಂತ ಮೊದಲೇ ಗೊತ್ತಿತ್ತು. "ಅಕ್ಕಾರ, ಹೆಂಗರ ಮಾಡಿ ಇವ್ರನ್ನ ಮಿರಜ್‌ನ ಹಾರ್ಟ್ ಡಾಕ್ಟರ್ ಕಡೆ ಒಯ್ಯಬೇಕ್ರಿ. ನನ್ನ ಮಾತ ಕೇಳವಲ್ರು," ಎಂದು ಕೈಹಿಡಿದು ಹೇಳಿದ್ದರು. ನಾನು ಕಾಕಾರಿಗೆ ಹೇಳಿದೆ. ಮಿರಜ್ ಇಲ್ಲಿಂದ ಎಷ್ಟು ದೂರ, ಬೆಳಿಗ್ಗೆ ಹೋದರೆ ಊಟಕ್ಕೆ ಮನೆಗೆ ಬರಬಹುದು ಎಂದೆ. ಕಾಕಾ ಕಿಸೆ ತಟ್ಟಿ, "ಅರವತ್ತೆರಡ ಐತಿ ಅಕ್ಕಾರ. ಹಾರ್ಟ್ ಡಾಕ್ಟರ್ ನನ್ನ ನೋಡಿ ಏನ ಕಲೀಬೇಕ ಅಂತಾನ?" ಅಂದರು.

ಪರಭಾರೆ ಉಪವಾಸ

ಉಪವಾಸ ಎಂದು ಹೇಳಿ ಸಾಬೂದಾಣಿ ಖಿಚಡಿ ತಿಂದು ಬರುವವರ ಕತೆ ಈ ಗಡಿಯ ಎಲ್ಲ ಲ್ಯಾಬುಗಳಲ್ಲೂ ಇದೆ. ಅದನ್ನು ಹೇಳಿ ಬೇಸರಪಡಿಸುವುದಿಲ್ಲ. ನನಗೆ ಸಿಕ್ಕ ಅಜ್ಜಿಯ ದಾರಿ ಬೇರೆ.

ಅಜ್ಜಿ ಜೈನರ ಮನೆಯವರು. ಹೊತ್ತು ಮುಳುಗುವ ಮೊದಲೇ ಉಂಡು ಕೈ ತೊಳೆಯುವ ಮನೆತನ. ಅವರ ಮೊಮ್ಮಗನಿಗೆ ಮೂವತ್ತರ ಮೇಲಾಗಿದೆ, ದ್ರಾಕ್ಷಿ ಹೇರಿಕೊಂಡು ಸಾಂಗ್ಲಿಗೆ ಟೆಂಪೊ ಹೊಡೆಯುತ್ತಾನೆ, ಮೈಯೂ ಟೆಂಪೊದಷ್ಟೇ ಇದೆ. ಡಾಕ್ಟರು ಅವನಿಗೆ ಕೊಲೆಸ್ಟ್ರಾಲ್ ನೋಡಿಸಲು ಬರೆದಿದ್ದರು. ಹಿಂದಿನ ದಿನ ಇಬ್ಬರೂ ಕೇಳಲು ಬಂದಾಗ ನಾನು, ಹನ್ನೆರಡು ತಾಸು ನೀರು ಬಿಟ್ಟು ಏನೂ ತಗೊಳ್ಳಬಾರದು ಎಂದೆ.

"ಬರೇ ಹನ್ನೆರಡ ತಾಸು?" ಅಂದರು ಅಜ್ಜಿ. "ಅಷ್ಟಕ್ಕ ಏನ ಫಲ ಸಿಗತೈತವ್ವಾ?"

ಮರುದಿನ ಬೆಳಿಗ್ಗೆ ಅಜ್ಜಿ ಗೋಡೆ ಹಿಡಿದುಕೊಂಡು ಬಂದರು. ತುಟಿ ಒಣಗಿತ್ತು, ಮುಖದಲ್ಲಿ ಮಾತ್ರ ಗೆದ್ದ ಕಳೆ. ಹಿಂದೆ ಮೊಮ್ಮಗ. ಏನಾದರೂ ತಿಂದಿದ್ದೀರಾ ಎಂದು ಕೇಳಿದ್ದಕ್ಕೆ, "ನಿನ್ನೆ ಮಧ್ಯಾನದಿಂದ ಹನಿ ನೀರ ಸೈತ ಇಲ್ಲ," ಎಂದು ಅಜ್ಜಿಯೇ ಉತ್ತರ ಕೊಟ್ಟರು. ನಾನು ಮೊಮ್ಮಗನ ಕಡೆ ನೋಡಿದೆ. ಅವನ ಮೀಸೆಯ ಮೇಲೆ ಹೋಟೆಲಿನ ಖಾರದ ಮಿಸಳದ ಕೆಂಪು ಎಣ್ಣೆ ಇನ್ನೂ ಆರಿರಲಿಲ್ಲ.

"ನೀವು ತಿಂದೀರೇನ್ರಿ?" ಎಂದೆ. ಅವನು ಅಜ್ಜಿಯ ಮುಖ ನೋಡಿದ.

"ಅವಗ ತಡಕೊಳ್ಳಾಕ ಆಗೂದಿಲ್ಲವ್ವಾ. ಸಣ್ಣಾಂವ ಇದ್ದಾಗಿಂದೂ ಹಂಗ," ಅಂದರು ಅಜ್ಜಿ. "ಅದಕ್ಕ ಅವನ ಪಾಲಿಂದು ನಾ ಹಿಡದೇನಿ. ನೀ ರಕ್ತ ಅವಂದ ತಗೋ."

ಬೆಂಚಿನಿಂದ ಕಾಕಾ, "ಸರಿ ಐತಲ್ಲ. ಮನ್ಯಾಗ ಒಬ್ರು ಮಾಡಿದ್ರ ಎಲ್ಲಾರಿಗೂ ಬರತೈತಿ," ಎಂದು ತೀರ್ಪು ಕೊಟ್ಟರು. ನಾನು ಸಿಟ್ಟು ನುಂಗಿಕೊಂಡು, ತಿಂದ ಮಿಸಳ ಯಾರ ಹೊಟ್ಟೆಯಲ್ಲಿದೆಯೋ ಅವರ ರಕ್ತದಲ್ಲೇ ಅದರ ಎಣ್ಣೆ ಇರುತ್ತದೆ, ಮಷೀನಿಗೆ ಪುಣ್ಯ ಅಳೆಯಲು ಬರುವುದಿಲ್ಲ ಎಂದು ಬಿಡಿಸಿ ಹೇಳಿದೆ. ಅಜ್ಜಿ ಸೆರಗು ಸರಿಸಿ ತಮ್ಮ ಬಡಕಲು ತೋಳನ್ನು ನನ್ನ ಮುಂದೆ ಇಟ್ಟರು.

"ಹಂಗಾರ ರಕ್ತಾನೂ ನಂದ ತಗೋ. ಹೆಸರ ಅಷ್ಟ ಅವಂದ ಬರಿ."

ಏನು ಹಿಂಡಿ ಹಾಕುತ್ತೀರಿ

ಅಂಕಲಿ ಕಡೆಯ ಒಬ್ಬ ರೈತ ಹೆಂಡತಿಯೊಡನೆ ರಕ್ತ ಕೊಡಲು ಬಂದಿದ್ದ. ಮನೆಯಲ್ಲಿ ಎಮ್ಮೆಗಳಿವೆ, ಎರಡು ಹೊತ್ತು ಡೇರಿಗೆ ಹಾಲು ಹಾಕುತ್ತಾನೆ. ಡೇರಿಯಲ್ಲಿ ಹಾಲಿನ ಫ್ಯಾಟ್ ನೋಡುತ್ತಾರೆ, ಫ್ಯಾಟ್ ಏರಿದರೆ ದರ ಏರುತ್ತದೆ. ಈ ಒಂದು ವಿಷಯದ ಮೇಲೆ ಅವನ ಇಡೀ ಜೀವನ ನಿಂತಿತ್ತು. ಅದು ನನಗೆ ರಿಪೋರ್ಟ್ ಓದಿದ ಮೇಲೆ ಗೊತ್ತಾಯಿತು.

ಹೆಂಡತಿಯದು ಎಲ್ಲ ಸರಿ ಇತ್ತು. ಅವನ ರಕ್ತದಲ್ಲಿ ಕೊಬ್ಬು ಎಲ್ಲಿಗೋ ಏರಿ ಹೋಗಿತ್ತು. ನಾನು ದನಿ ತಗ್ಗಿಸಿ, "ನಿಮ್ದು ಫ್ಯಾಟ್ ಭಾಳ ಬಂದೈತ್ರಿ," ಎಂದೆ. ಅವನ ಮುಖ ಅರಳಿತು. ಹೆಂಡತಿಯ ಕಡೆ ತಿರುಗಿ, "ಕೇಳಿದ್ಯಾ?" ಎಂದ. ಆಕೆ ಪಾಪ ತಲೆ ತಗ್ಗಿಸಿದಳು, ಹಿಂಡಿ ತಿಂದೂ ಹಾಲು ಕೊಡದ ಎಮ್ಮೆಯ ಸ್ಥಿತಿ ಆಕೆಗೆ ಬಂದಿತ್ತು.

ಇದು ಹಾಲಲ್ಲ, ರಕ್ತ, ಇಲ್ಲಿ ಫ್ಯಾಟ್ ಏರಿದರೆ ಕೇಡು ಎಂದು ತಿಳಿಸಿ ಹೇಳಲು ನನ್ನ ಅರ್ಧ ಬೆಳಗು ಹೋಯಿತು. ಏರಬೇಕಾದದ್ದು ಒಂದೇ, ಎಚ್‌ಡಿಎಲ್, ಅದೇ ನಿಮ್ಮಲ್ಲಿ ಕಡಿಮೆ ಇದೆ ಎಂದೆ. ಅವನು ಕೂಡಲೇ ಕೆಲಸದ ಮಾತಿಗೆ ಬಂದ.

"ಅದನ್ನ ಏರಸಾಕ ಏನ ಹಾಕಬೇಕ್ರಿ?"

"ಹಾಕೂದ ಏನಿಲ್ಲ. ತಂಬಾಕ ಬಿಡ್ರಿ, ಕರದದ್ದು ಕಡಿಮಿ ಮಾಡ್ರಿ, ದಿನಾ ಜೋರ್‌ಲೆ ನಡೀರಿ."

ಅವನು ನನ್ನನ್ನು ಕನಿಕರದಿಂದ ನೋಡಿದ. "ಅಕ್ಕಾರ, ನಿಮ್ಮ ಮನ್ಯಾಗ ಎಮ್ಮಿ ಕಟ್ಟಿಲ್ಲ ಅನಸತೈತಿ. ನಡಸಿದ್ರ ಇದ್ದ ಫ್ಯಾಟೂ ಹೋಗತೈತ್ರಿ."

ಬೆಂಚಿನ ಮೇಲಿದ್ದ ಕಾಕಾಗೆ ಇನ್ನು ತಡೆಯಲಾಗಲಿಲ್ಲ. ಕಿಸೆಯಿಂದ ಮಡಚಿದ ಕಾಗದ ತೆಗೆದು ಅವನ ಮೂಗಿನ ಹತ್ತಿರ ಹಿಡಿದು, "ನಂದು ಅರವತ್ತೆರಡು. ಕೂತಲ್ಲೇ," ಅಂದರು. ರೈತ ಕಾಗದ ನೋಡಿದ, ಕಾಕಾರನ್ನು ಮುಂದಿನಿಂದ ನೋಡಿದ, ಸ್ವಲ್ಪ ಸರಿದು ಪಕ್ಕದಿಂದಲೂ ನೋಡಿದ, ದನದ ಸಂತೆಯಲ್ಲಿ ನೋಡುವ ಹಾಗೆ. ಅದೇ ಹೊತ್ತಿಗೆ ಕಾಕು ಎಲ್ಲರಿಗೂ ಚಹಾ ತಂದರು. ಅವನು ಕೈಮುಗಿದು ಕೇಳಿದ:

"ಅವ್ವಾರ, ಇವ್ರಿಗಿ ನೀವು ಏನ ಹಿಂಡಿ ಹಾಕತೀರಿ?"

ಕಾಕು ಕಪ್ಪು ಕೈಗೆ ಕೊಡುತ್ತ ಅಂದರು: "ಹಾಕಿದ್ದೆಲ್ಲಾ ತಿಂತಾರ್ರಿ. ಕಟ್ಟಿದ ಜಾಗಾ ಬಿಟ್ಟು ಏಳೂದಿಲ್ಲ, ಅದ ಚಿಂತಿ."

ಕೂಡಿದ ಮನೆ

ರಾಯಬಾಗ ಕಡೆಯಿಂದ ಕಬ್ಬು ಬೆಳೆಯುವ ನಾಲ್ವರು ಅಣ್ಣತಮ್ಮಂದಿರು ಒಂದೇ ಜೀಪಿನಲ್ಲಿ ಬಂದರು. ಒಳಗೆ ಬಂದು ನಾಲ್ವರೂ ಕೂತರು, ತೋಳು ಮಡಚಿದವನು ಕಿರಿಯವನೊಬ್ಬನೇ.

"ಉಳದಾವ್ರು?" ಎಂದೆ.

"ನಮ್ದು ಕೂಡಿದ ಮನಿ ಐತ್ರಿ," ಎಂದ ಹಿರಿಯಣ್ಣ. "ಒಂದ ಒಲಿ, ಒಂದ ಎಣ್ಣಿ ಡಬ್ಬಿ. ಒಬ್ಬಂದ ತಗದ್ರ ಎಲ್ಲಾರದೂ ತಿಳೀತೈತಿ."

ಹಾಗೆ ಆಗುವುದಿಲ್ಲ ಎಂದೆ. ಎರಡನೆಯವನು ಸ್ವಲ್ಪ ತಿಳಿದವನು. "ಹಂಗಾರ ನಾಕೂ ಮಂದಿದು ಸ್ವಲ್ಪ ಸ್ವಲ್ಪ ತಗದು ಕಲಸಿ ಒಂದ ಮಾಡ್ರಿ. ಹೊಲದ ಮಣ್ಣ ಪರೀಕ್ಷಾಕ್ಕ ಹಂಗ ಮಾಡತಾರ, ನಾಕೂ ಮೂಲಿಯಿಂದ ತಗೀತಾರ," ಎಂದ. ಅವನ ಪ್ರಕಾರ ನಾನು ಕೃಷಿ ಇಲಾಖೆಯವರಿಗಿಂತ ಒಂದು ಕೈ ಹಿಂದೆ ಇದ್ದೆ.

ಕೊನೆಗೆ ಗದರಿಸಿ ನಾಲ್ವರದೂ ಬೇರೆ ಬೇರೆ ತೆಗೆದೆ. ಕಿರಿಯವನ ಎಚ್‌ಡಿಎಲ್ ಚೆನ್ನಾಗಿತ್ತು, ಹಿರಿಯಣ್ಣನದು ನೆಲ ಹಿಡಿದಿತ್ತು. ಅವನಿಗೇನೂ ಗಾಬರಿಯಾಗಲಿಲ್ಲ. "ಇರಲಿ ತಗೋರಿ. ಒಂದ ಮನ್ಯಾಗ ಹೆಚ್ಚು ಕಡಿಮಿ ಇರೂದ. ಅವಂದ ಹೆಚ್ಚೈತಿ, ನಮ್ದೆಲ್ಲಾ ಅದರಾಗ ಮುಚ್ಚಿ ಹೋಗತೈತಿ," ಎಂದ. ಕಿರಿಯವನು ಫೋನು ಹಿಡಿದು ಹೊರಗೆ ಹೋದ. ಹೆಂಡತಿಯೊಡನೆ ಮಾತಾಡಿ ತಿರುಗಿ ಬಂದು ಬಾಗಿಲಲ್ಲೇ ನಿಂತ.

"ಅಣ್ಣಾ, ಆಕಿ ಅಂತಾಳ, ಹೊಲ ಬೇಕಾದ್ರ ಕೂಡೇ ಇರಲಿ, ಕೊಲೆಸ್ಟ್ರಾಲ್ ಅಷ್ಟ ಬ್ಯಾರೆ ಮಾಡಕೊಂಡ ಬರ್ರಿ ಅಂತ."

ಪ್ರಿಂಟ್ ಆಗಿ ಬಂದೈತಿ

ಆ ನಾಲ್ವರು ಹೋದ ಮೇಲೆ ನಾನು ಇದೇ ಸಮಯ ಎಂದು ಕಾಕಾರನ್ನು ಹಿಡಿದೆ. ನೋಡಿದಿರಲ್ಲ ಕಾಕಾ, ಒಬ್ಬನದು ಚಲೋ ಇದ್ದರೆ ಉಳಿದವರದು ಮುಚ್ಚಿ ಹೋಗುವುದಿಲ್ಲ, ನಿಮ್ಮ ರಿಪೋರ್ಟಿನಲ್ಲೂ ಹಾಗೆಯೇ, ಅರವತ್ತೆರಡನ್ನು ಬಿಟ್ಟು ಉಳಿದದ್ದನ್ನೂ ನೋಡಿರಿ ಎಂದೆ. ಕಾಕಾ ಮೀಸೆಯಲ್ಲೇ ನಕ್ಕರು. "ಅಕ್ಕಾರ, ನನ್ನ ರಿಪೋರ್ಟೂ ಕೂಡಿದ ಮನಿ. ಹಿರೇತನ ಅರವತ್ತೆರಡ ಮಾಡತೈತಿ. ಉಳದಾವು ಅದರ ಮಾತ ಕೇಳಕೊಂಡ ಇರತಾವು."

ಮುಂದಿನ ವಾರ ಕಾಕಾರ ಹುಟ್ಟುಹಬ್ಬ ಬಂತು. ನಮ್ಮ ಕಡೆ ಹುಟ್ಟುಹಬ್ಬ ಎಂದರೆ ಫ್ಲೆಕ್ಸ್. ಮಗುವಿಗೆ ಹಲ್ಲು ಬಂದರೂ ಸರ್ಕಲ್ಲಿನಲ್ಲಿ ಫ್ಲೆಕ್ಸ್ ಏರುತ್ತದೆ. ಕಾಕಾರ ಗೆಳೆಯರು ಹಾಕಿಸಿದ್ದು ಎರಡಾಳು ಎತ್ತರದ್ದು. ಕಾಕಾ ಕಪ್ಪು ಕನ್ನಡಕ ಹಾಕಿ ನಿಂತಿದ್ದಾರೆ, ಸುತ್ತ ಶುಭ ಕೋರುವವರ ಮುಖಗಳು, ಮೇಲೆ ಮರಾಠಿಯಲ್ಲಿ ಶುಭೇಚ್ಛಾ, ಕೆಳಗೆ ಕನ್ನಡದಲ್ಲಿ ಕೆಂಪು ಅಕ್ಷರ: "ಎಚ್‌ಡಿಎಲ್ ೬೨. ತಾಲೂಕಿಗೆ ಪ್ರಥಮ." ಯಾವ ಸ್ಪರ್ಧೆಯಲ್ಲಿ ಪ್ರಥಮ ಎಂದು ಯಾರೂ ಕೇಳಲಿಲ್ಲ. ಕಾಕು ಅದನ್ನು ನೋಡಿ ಸೀದಾ ಮನೆಗೆ ಹೋದರು. ಆ ಸಂಜೆ ಕೇಕು ಕತ್ತರಿಸಿ ನಾಲ್ಕು ಹೆಜ್ಜೆ ನಡೆದ ಕಾಕಾ ಕಂಬಕ್ಕೆ ಆತುಕೊಂಡು ನಿಂತದ್ದನ್ನು ನಾನೂ ನೋಡಿದೆ, ಕಾಕು ಕೂಡ ನೋಡಿದರು.

ಮರುದಿನದಿಂದ ನನಗೆ ಕೈಬಿಡುವಿಲ್ಲ. ಎಂದೂ ರಕ್ತ ಕೊಡದವರೆಲ್ಲ ತೋಳು ಚಾಚಿ ಬಂದರು. ಅಥಣಿಯಿಂದ ಬಂದವರಿದ್ದರು, ಕೊಕಟನೂರಿನಿಂದ ಯಲ್ಲಮ್ಮನಿಗೆ ಹರಕೆ ಹೊತ್ತು ಬಂದವರೂ ಇದ್ದರು. ಎಲ್ಲರದೂ ಒಂದೇ ಪ್ರಶ್ನೆ: "ಕಾಕಾನ್ನ ದಾಟತೈತೇನ್ರಿ?" ಯಾರದೂ ದಾಟಲಿಲ್ಲ, ಕಾಕಾ ಬೆಂಚಿನ ಮೇಲೆ ಇನ್ನಷ್ಟು ಅಗಲವಾಗಿ ಕೂತರು.

ಒಂದು ದಿನ ಊರಿನ ಒಬ್ಬ ಪುಢಾರಿಯನ್ನು ಅವರ ಹಿಂಬಾಲಕರು ಮೆರವಣಿಗೆಯಲ್ಲಿ ತಂದಂತೆ ತಂದರು. ಸಾಹೇಬರು ಕಣ್ಣು ಮುಚ್ಚಿ ರಕ್ತ ಕೊಟ್ಟರು. ಬಂದದ್ದು ಮೂವತ್ತಾರು. ಹಿಂಬಾಲಕರಲ್ಲಿ ಒಬ್ಬ ನನ್ನನ್ನು ಮೂಲೆಗೆ ಕರೆದು, ಅರವತ್ತೈದು ಬರೆದುಕೊಡಿ ಎಂದ. ನಾನು ಮಷೀನ್ ತೋರಿಸಿ, ಅದು ಹೇಳಿದ್ದನ್ನಷ್ಟೇ ನಾನು ಬರೆಯುವುದು ಎಂದೆ. ಅವನು ಬಹಳ ಮರ್ಯಾದೆಯಿಂದ ಹೇಳಿದ:

"ಹಂಗಾರ ಇನ್ನೊಮ್ಮೆ ರಕ್ತ ತಗೋರಿ ಅಕ್ಕಾರ. ಫ್ಲೆಕ್ಸ್ ಪ್ರಿಂಟ್ ಆಗಿ ಬಂದೈತಿ."

ಕಾಕು ಗೆದ್ದದ್ದು

ಇದೆಲ್ಲ ನಗೆಯೇ, ಆದರೆ ನನ್ನ ಕಣ್ಣು ಮೆಟ್ಟಿಲ ಮೇಲೇ ಇರುತ್ತಿತ್ತು. ಕಾಕಾ ಮೆಟ್ಟಿಲಲ್ಲಿ ಮೊದಲು ಒಂದು ಕಡೆ ನಿಲ್ಲುತ್ತಿದ್ದವರು ಈಗ ಎರಡು ಕಡೆ ನಿಲ್ಲುತ್ತಿದ್ದರು. ಬೈದೆ, ಬೇಡಿದೆ. ಮಿರಜ್‌ನ ಡಾಕ್ಟರಿಗೆ ಫೋನ್ ಮಾಡಿ ಎಲ್ಲ ಹೇಳಿದೆ, ಅವರು ತಡಮಾಡದೆ ಕಳಿಸಿರಿ ಎಂದರು. ಕಳಿಸುವುದು ಹೇಗೆ? ಮನುಷ್ಯನಿಗೆ ಕೆಟ್ಟ ಸುದ್ದಿಯನ್ನು ನಂಬಿಸಬಹುದು, ಒಳ್ಳೆಯ ಸುದ್ದಿಯನ್ನು ಅವನ ಕೈಯಿಂದ ಬಿಡಿಸುವುದು ಕಷ್ಟ.

ಒಂದು ಬೆಳಿಗ್ಗೆ ಕಾಕು ಚಹಾದ ಕಿಟ್ಲಿ ಕೆಳಗಿಟ್ಟು, ಬಂದವರ ಕುರ್ಚಿಯಲ್ಲಿ ಕೂತು, ಬಳೆ ಹಿಂದೆ ಸರಿಸಿದರು.

"ನಂದೂ ತಗೋರಿ ಅಕ್ಕಾರ."

"ನಿಂದ್ಯಾಕ?" ಅಂದರು ಕಾಕಾ ಪತ್ರಿಕೆಯ ಹಿಂದಿನಿಂದ. "ನಿನಗೇನಾಗೈತಿ?"

"ಏನೂ ಆಗಿಲ್ಲ. ನಿಮಗ ಏನೂ ಆಗದನ ತಗದಿಲ್ಲೇನು?"

ತೆಗೆದೆ. ಮಷೀನಿನಲ್ಲಿ ಅಂಕಿ ಬಂದಾಗ ನಾನೇ ಎರಡು ಸಲ ನೋಡಿದೆ. ಮತ್ತೆ ಹಾಕಿ ನೋಡಿದೆ, ಅದೇ ಬಂತು. ಹೇಳಲೇ ಎಂದು ಕಾಕು ಮುಖ ನೋಡಿದೆ, ಅವರು ಹೂಂ ಎಂದು ತಲೆಯಾಡಿಸಿದರು.

"ಕಾಕುಂದು ಎಪ್ಪತ್ತೊಂದು," ಎಂದೆ.

ಪತ್ರಿಕೆ ಕೆಳಗಿಳಿಯಿತು. ಲ್ಯಾಬಿನಲ್ಲಿ ಇದ್ದವರೆಲ್ಲ ಕಾಕಾರನ್ನೇ ನೋಡುತ್ತಿದ್ದರು. "ನಿಮ್ಮ ಮಷೀನ್ ಕೆಟ್ಟೈತಿ," ಅಂದರು ಕಾಕಾ. ಇದೇ ಮಷೀನ್ ಅರವತ್ತೆರಡು ಹೇಳಿದ್ದು ಎಂದೆ. "ಅವಾಗ ಚಲೋ ಇತ್ತು. ಈಗ ಕೆಟ್ಟೈತಿ." ಹಾಗಾದರೆ ಮಿರಜ್‌ಗೆ ಹೋಗಿ ಇಬ್ಬರದೂ ಮತ್ತೆ ತೆಗೆಸಿರಿ, ಅಲ್ಲಿ ದೊಡ್ಡ ಮಷೀನ್ ಇದೆ ಎಂದು ನಾನು ಅಂದೆ. ಕಾಕು ಕಿಟ್ಲಿ ಎತ್ತಿಕೊಂಡು, "ಬ್ಯಾಡ ಬಿಡ್ರಿ ಅಕ್ಕಾರ. ಅವ್ರಿಗಿ ಅಂಜಿಕಿ ಬರತೈತಿ," ಎಂದು ಮೆಲ್ಲಗೆ ಹೇಳಿ ಮೆಟ್ಟಿಲಿಳಿದರು. ಅಷ್ಟು ಸಾಕಾಯಿತು. ಒಂದು ವರ್ಷ ನಾನು ಬಾಯಿ ನೋಯಿಸಿಕೊಂಡರೂ ಏಳದ ಮನುಷ್ಯ ಮರುದಿನ ಹೊತ್ತು ಏರುವ ಮೊದಲೇ ಕಾರು ತೆಗೆಸಿ, ಹೆಂಡತಿಯನ್ನು ಹಿಂದೆ ಕೂರಿಸಿ, ನನ್ನನ್ನು ಸಾಕ್ಷಿ ಎಂದು ಹತ್ತಿಸಿಕೊಂಡು ಮಿರಜ್ ಹಾದಿ ಹಿಡಿದ.

ಡಾಕ್ಟರು ನನಗಿಂತ ಜಾಣರು. ಇಬ್ಬರ ರಕ್ತ ತೆಗೆಸಿದರು, ಇಬ್ಬರ ಎದೆಗೂ ವೈರು ಹಚ್ಚಿ ಇಸಿಜಿ ತೆಗೆಸಿದರು. ಕಾಕಾ ಅವಸರ ಮಾಡಿದಾಗ, "ರಕ್ತದ ನಂಬರ್ ಬರಾಕ ಹೊತ್ತಾಗತೈತಿ. ಅಲ್ಲೀತನಕ ಓಡೂ ಪಟ್ಟಿ ಮ್ಯಾಲ ಯಾರ ಚಲೋ ನಡೀತಾರ ನೋಡೂಣು," ಎಂದರು. ನಂಬರಿಗಿಂತ ಅದೇ ಖರೆ ಪರೀಕ್ಷೆ ಎಂದೂ ಹೇಳಿದರು. ಅದು ಸುಳ್ಳೇನಲ್ಲ.

ಮೊದಲು ಕಾಕು ಟ್ರೆಡ್‌ಮಿಲ್ ಹತ್ತಿದರು. ಸೆರಗು ಸೊಂಟಕ್ಕೆ ಸಿಕ್ಕಿಸಿ, ಹಿಡಿಕೆ ಬಿಟ್ಟು, ತೋಟಕ್ಕೆ ಹೊರಟ ಹಾಗೆ ನಡೆದರು. ಪಟ್ಟಿಯ ಓಟ ಏರಿತು, ಇಳಿಜಾರು ಏರಿತು, ಕಾಕು ನಡೆಯುತ್ತಲೇ ಇದ್ದರು. ಅವರ ಮುಖದಲ್ಲಿ ಏನೋ ಇರುಸುಮುರುಸು ಕಂಡು ಡಾಕ್ಟರು, "ಕಾಕು, ತ್ರಾಸ ಆಗಾಕತ್ತೈತೇನು?" ಎಂದು ಕೇಳಿದರು.

"ತ್ರಾಸೇನಿಲ್ರಿ. ಖಾಲಿ ಕೈಲೆ ನಡದು ರೂಢಿ ಇಲ್ಲ. ಹೊರಾಕ ಏನರ ಇದ್ರ ಕೊಡ್ರಿ."

ಆಮೇಲೆ ಕಾಕಾ ಟೊಪ್ಪಿಗೆ ನನ್ನ ಕೈಗೆ ಕೊಟ್ಟು, ಎದೆ ಉಬ್ಬಿಸಿ ಹತ್ತಿದರು. ಮೊದಲು ನಮ್ಮ ಕಡೆ ನೋಡಿ ನಕ್ಕರು. ಸ್ವಲ್ಪ ಹೊತ್ತಿಗೆ ನಗು ನಿಂತಿತು. ಇನ್ನು ಸ್ವಲ್ಪ ಹೊತ್ತಿಗೆ ಮುಖ ಬೂದಿಯ ಬಣ್ಣಕ್ಕೆ ಬಂತು, ಹಣೆಯಲ್ಲಿ ಬೆವರು ಒಡೆಯಿತು. ಆದರೂ ಬಿಡಲೊಲ್ಲರು. ಕಾಕು ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಿದ್ದರು. ಪರದೆಯನ್ನೇ ನೋಡುತ್ತಿದ್ದ ಡಾಕ್ಟರು ಪಟ್ಟಿ ನಿಲ್ಲಿಸಿ, ಕಾಕಾರನ್ನು ಹಿಡಿದು ಮಂಚದ ಮೇಲೆ ಮಲಗಿಸಿದರು. ನಾಲಿಗೆಯ ಕೆಳಗೆ ಗುಳಿಗೆ ಇಟ್ಟರು.

ಉಸಿರು ತಿರುಗಿದ ಮೇಲೆ ಕಾಕಾ ಕೇಳಿದ ಮೊದಲ ಮಾತು: "ಗೆದ್ದಿನೇನ್ರಿ?"

"ಗೆದ್ರಿ ಕಾಕಾ," ಎಂದರು ಡಾಕ್ಟರು. "ಗೆದ್ದಾವ್ರನ್ನ ನಾವು ಮನಿಗಿ ಕಳಸೂದಿಲ್ಲ, ಇಲ್ಲೇ ಇಟಗೋತೀವಿ."

ಆ ದಿನವೇ ತಪಾಸಣೆ ಆಯಿತು. ಹೃದಯದ ಎರಡು ನಾಳ ಕಟ್ಟಿದ್ದವು, ಒಂದು ಪೂರ್ತಿ ಮುಚ್ಚುವ ಹಂತದಲ್ಲಿತ್ತು. ಎರಡಕ್ಕೂ ಸ್ಟೆಂಟ್ ಹಾಕಿದರು. ಇನ್ನೊಂದು ಸ್ವಲ್ಪ ದಿನ ಬಿಟ್ಟಿದ್ದರೆ ಏನಾಗುತ್ತಿತ್ತೋ ಎಂದು ಡಾಕ್ಟರು ನನಗಷ್ಟೇ ಹೇಳಿದರು. ಹೊರಗಿನ ಬೆಂಚಿನ ಮೇಲೆ ಕಾಕು ಅಳುತ್ತ ಕೂತಿದ್ದರು. ನೀವು ಗೆದ್ದಿರಿ ಕಾಕು, ನಿಮ್ಮಿಂದಲೇ ಅವರು ಉಳಿದರು ಎಂದೆ. "ನಾ ಗೆದ್ದು ಏನ ಮಾಡೂದೈತಿ ಅಕ್ಕಾರ," ಎಂದರು. "ನನಗ ಮನುಷ್ಯಾ ಬೇಕು." ನನಗೂ ತಡೆಯಲಾಗಲಿಲ್ಲ, ಇಬ್ಬರೂ ಕೂಡಿಯೇ ಅತ್ತೆವು.

ಮೂರನೆಯ ದಿನ ಕಾಕಾ ದಿಂಬಿಗೆ ಒರಗಿ ಕೂತಿದ್ದರು. ಡಾಕ್ಟರು ರಕ್ತದ ರಿಪೋರ್ಟ್ ತಂದರು. ಕಾಕಾರದು ಅರವತ್ತೊಂದು, ಕಾಕುದು ಎಪ್ಪತ್ತು. ಎ‌ಚ್‌ಡಿಎಲ್ ಕಸ ಬಳಿಯುವ ಆಳು ಇದ್ದ ಹಾಗೆ, ಒಬ್ಬ ಬಳಿಯುತ್ತಿದ್ದರೆ ನಾಲ್ವರು ಚೆಲ್ಲುತ್ತ ಕೂತರೆ ಅವನೇನು ಮಾಡಿಯಾನು ಎಂದು ಡಾಕ್ಟರು ತಿಳಿಸಿ ಹೇಳಿದರು. ಕಾಕಾರ ಮನಸ್ಸು ಅಲ್ಲಿರಲಿಲ್ಲ.

"ಅದು ಇರಲಿ. ಒಂದ ಮನ್ಯಾಗ ಒಂದ ಅನ್ನ ಉಂಡು ಆಕಿಗಿ ಹೆಚ್ಚ ಹೆಂಗ ಬಂತ್ರಿ?"

"ಹೆಣ್ಣಮಕ್ಕಳಿಗಿ ಮೊದಲ ಸ್ವಲ್ಪ ಹೆಚ್ಚ ಇರತೈತಿ. ಮ್ಯಾಲ ನಡಿಗಿ," ಎಂದ ಡಾಕ್ಟರು ಕಾಕು ಕಡೆ ತಿರುಗಿದರು. "ದಿನಾ ಎಲ್ಲಿತನಕ ನಡೀತೀರಿ?"

"ದ್ರಾಕ್ಷಿ ತ್ವಾಟಕ್ಕ ಹೋಗೂದು, ಬರೂದು. ಮದುವಿ ಆದಾಗಿಂದ."

"ಕಾಕಾ ಹೆಂಗ ಹೋಗತಾರ?"

"ಮೋಟಾರ್‌ಸೈಕಲ್ ಮ್ಯಾಲ."

"ಅದ ತ್ವಾಟಕ್ಕ?"

"ಅದ ತ್ವಾಟಕ್ಕ್ರಿ."

ಡಾಕ್ಟರು ಕಾಕಾರನ್ನು ನೋಡಿದರು. ನಾನೂ ನೋಡಿದೆ, ಬಾಟಲಿ ಬದಲಿಸುತ್ತಿದ್ದ ನರ್ಸೂ ತಿರುಗಿ ನೋಡಿದಳು.

"ಹಿಂದಿನ ಸೀಟಿನ ಮ್ಯಾಲ ಗೊಬ್ಬರದ ಚೀಲ ಇರತೈತ್ರಿ," ಅಂದರು ಕಾಕಾ.

"ದಿನಾ?"

ಕಾಕಾ ಹೊದಿಕೆ ಸರಿಮಾಡಿಕೊಂಡರು. "ಒಮ್ಮೊಮ್ಮಿ ಔಷಧದ ಡಬ್ಬಿ ಇರತೈತಿ."

ಡಾಕ್ಟರ ಚೀಟಿಯಲ್ಲಿ ಗುಳಿಗೆಗಳ ಕೆಳಗೆ ನಡಿಗೆ ಎಂದೂ ಬರೆದಿತ್ತು. ಮೊದಲು ಮನೆಯ ಅಂಗಳದಲ್ಲಿ, ಆಮೇಲೆ ಸರ್ಕಲ್ಲಿನತನಕ, ಆಮೇಲೆ ತೋಟಕ್ಕೆ. ಊರು ಈಗ ದಿನಾ ಒಂದು ನೋಟ ನೋಡುತ್ತದೆ. ಮುಂದೆ ತಲೆಯ ಮೇಲೆ ಬುತ್ತಿ ಹೊತ್ತ ಕಾಕು, ಹಿಂದೆ ಬಹಳ ಹಿಂದೆ ಟೊಪ್ಪಿಗೆಯಿಂದ ಗಾಳಿ ಹಾಕಿಕೊಳ್ಳುತ್ತ ಕಾಕಾ. "ನಾಕ ಗುಳಿಗಿ ನುಂಗೂದು ಸಸಾರ ಅಕ್ಕಾರ. ಆಕಿನ್ನ ಮುಟ್ಟೂದು ಆಗವಲ್ದು," ಎಂದು ನನ್ನ ಹತ್ತಿರ ದೂರು ಹೇಳುತ್ತಾರೆ. ಮೆಟ್ಟಿಲನ್ನು ಈಗ ಒಂದೇ ಉಸಿರಿಗೆ ಹತ್ತಿ ಬಂದು ಹೇಳುತ್ತಾರೆ, ಅದಕ್ಕೇ ನಾನು ದೂರನ್ನು ಸಂತೋಷದಿಂದ ಕೇಳುತ್ತೇನೆ.

ಮೊನ್ನೆ ಬೆಳಿಗ್ಗೆ ಲ್ಯಾಬಿನ ಬೀಗ ತೆಗೆಯುತ್ತಿದ್ದೆ. ಕೆಳಗೆ ಕಾಕಾ ಗಾಡಿ ಹೊರಗೆ ತಂದು ನಿಲ್ಲಿಸಿದ್ದರು. ತೊಳೆದು ಒರೆಸಿದ ಗಾಡಿ. ಹಿಂದಿನ ಸೀಟಿನ ಮೇಲೆ ಚೀಲವೂ ಇರಲಿಲ್ಲ, ಡಬ್ಬಿಯೂ ಇರಲಿಲ್ಲ, ಹೊಸ ಮೆತ್ತನೆಯ ಕವರು ಹಾಕಿಸಿದ್ದರು. ಕಾಕು ಬುತ್ತಿ ಹೊತ್ತು ಹೊರಗೆ ಬಂದರು. ಕಾಕಾ ಸೀಟು ತಟ್ಟಿ, ಯಾರಿಗೂ ಕೇಳಿಸಬಾರದು ಎಂಬ ಹಾಗೆ, "ಹತ್ತು. ತ್ವಾಟಕ್ಕ ಬಿಡತೇನಿ," ಅಂದರು. ಎದುರಿನ ಚಹಾ ಅಂಗಡಿಯವನು ಸೋಸುವುದನ್ನು ನಿಲ್ಲಿಸಿದ.

ಕಾಕು ಸೀಟಿನ ಮೇಲೆ ಒಮ್ಮೆ ಕೈಯಾಡಿಸಿದರು. ಕಣ್ಣು ತುಂಬಿದ್ದು ನನಗೆ ಮೇಲಿನಿಂದಲೇ ಕಂಡಿತು. ಇನ್ನೇನು ಹತ್ತಿಯೇಬಿಟ್ಟರು ಎನ್ನುವಾಗ ಏನೋ ನೆನಪಾದವರಂತೆ ಒಂದು ಹೆಜ್ಜೆ ಹಿಂದೆ ಸರಿದು ಗಂಡನ ಮುಖವನ್ನೇ ನೋಡಿದರು.

"ಯಾಕ್ರಿ, ನನ್ನ ನಂಬರ್ ಇಳಸೂ ವಿಚಾರ ಐತೇನು?"